ಸೂಜಿ ನೋಡಬೇಡ, ಪಟ್ಟಿ ನೋಡು

ನಿಲ್ಲಿಸು, ನಿಲ್ಲಿಸು! ಕಾಲು ತೆಗಿ ಮಿಷನ್ ಹಲಗೆಯಿಂದ. ಹೋಯ್ತು... ಮತ್ತೆ ಹೋಯ್ತು. ಒಂದು ಗೇಣಿನ ತನಕ ನೆಟ್ಟಗೆ ಬಂದು, ಆಮೇಲೆ ಎಡಕ್ಕೆ ವಾಲಿತು ನೋಡು. ನಿನ್ನೆ ಅಲ್ಲೇ, ಮೊನ್ನೆ ಅಲ್ಲೇ, ಇವತ್ತೂ ಅಲ್ಲೇ! ದಾರ ಕತ್ತರಿಸಿ ಆ ತುಂಡು ಕೊಡು ಇಲ್ಲಿ. ಹೂಂ... ಹೂಂ. ಹಾವು ಹರಿದ ಹಾಗಿದೆ... ಯಾಕೆ ನಗ್ತೀಯ?

ಅಲ್ಲಮ್ಮಾ, ನಗೋದಕ್ಕೆ ಏನಿದೆ ಇದರಲ್ಲಿ ಅಂತ. ನಾಲ್ಕು ಗಂಟೆಗೆ ಪರದೆ ಅಂಗಡಿಯಮ್ಮ ಬರ್ತಾಳೆ. ಬಂದು, ಹೋದ ತಿಂಗಳು ನಿಂತ ಹಾಗೇ ನಿನ್ನ ಹೆಗಲ ಹಿಂದೆ ನಿಂತ್ಕೊಂಡು, ಒಂದು ತುಂಡು ಬಟ್ಟೆ ಕೈಗೆ ಕೊಟ್ಟು 'ಹೊಲಿ ಮಗು' ಅಂತಾಳೆ. ಒಂದೇ ಒಂದು ಗೆರೆ. ಅದು ನೆಟ್ಟಗೆ ಬಂದ್ರೆ ಆಸ್ಪತ್ರೆಯ ನಲವತ್ತು ಪರದೆ ನಿನ್ನ ಕೈಗೆ, ಆಮೇಲೆ ವರ್ಷವಿಡೀ ಕೆಲಸ. ಡೊಂಕಾದ್ರೆ ಮೂರನೇ ಸಲ ನಿನ್ನನ್ನ ಯಾರೂ ಕರೆಯಲ್ಲ. ಹೋದ ಸಲ ಏನಂದಳು, ಮರೆತೆಯಾ? 'ಪರದೆ ಗಾಳಿಗೆ ತಾನೇ ಅಲೆಯುತ್ತೆ ಮಗು, ಅಂಚೂ ಅಲೀಬೇಕಾ?' ಅಂದಳು. ಮರೆತಿಲ್ಲ ತಾನೇ? ಮತ್ತೆ ನಗು ಯಾಕೆ?

ಸರಿ ಬಿಡು. ನಕ್ಕೋ. ಸೊಸೆ ನಗ್ತಾ ಇದ್ರೆ ಮನೆಗೆ ಒಳ್ಳೇದು. ಅವಳು ಹಾಗಂದ ದಿನದಿಂದ ಈಚೆಗೆ ನೀನು ಮನಸಾರೆ ನಕ್ಕಿದ್ದು ನನ್ನ ಕಿವಿಗೆ ಬಿದ್ದಿದ್ದೇ ಇವತ್ತು.

ಇನ್ನೊಂದು ತುಂಡು ತಗೋ. ನಿಧಾನ. ಗಡಿಯಾರ ನೋಡಬೇಡ, ಇನ್ನೂ ಹೊತ್ತಿದೆ. ಮೊದಲು ಕೂರೋದು ಕಲಿ. ಎಲ್ಲರೂ ಮಿಷನ್ನಿನ ನಡುವಿಗೆ ಸರಿಯಾಗಿ ಕೂರ್ತಾರೆ, ಅದೇ ತಪ್ಪು. ಮೂಗು ಸೂಜಿಯ ನೇರಕ್ಕೆ ಬರಬೇಕು. ಸ್ಟೂಲು ಎಡಕ್ಕೆ ಎಳ್ಕೋ... ಇನ್ನೂ ಸ್ವಲ್ಪ... ಹಾಂ. ಸೂಜಿ ಹೊಸದು ತಾನೇ? ಮೊಂಡು ಸೂಜಿ ಬಟ್ಟೆಯನ್ನ ಚುಚ್ಚಲ್ಲ, ತಳ್ಳುತ್ತೆ. ದಾರ ಪೋಣಿಸು. ಆಯ್ತಾ? ಅಷ್ಟು ಬೇಗ! ಒಳ್ಳೇದು, ಒಳ್ಳೇದು. ಅದಕ್ಕೇ ದಾರ ಪೋಣಿಸೋ ಕೆಲಸ ಯಾವಾಗಲೂ ನಿನ್ನ ಕೈಲೇ ಮಾಡಿಸೋದು ನಾನು, ಅಭ್ಯಾಸ ಆಗಲಿ ಅಂತ. ಇನ್ನೇನಕ್ಕೆ ಮತ್ತೆ?

ಈಗ ಮೇಲಿನ ದಾರ, ಕೆಳಗಿನ ದಾರ, ಎರಡನ್ನೂ ಹಿಂದಕ್ಕೆ ಎಳೆದು ಬೆರಳಲ್ಲಿ ಹಿಡಿ. ಬಿಟ್ಟರೆ ಮೊದಲ ಹೊಲಿಗೇಲೇ ಗಂಟು ಬೀಳುತ್ತೆ. ಚಕ್ರವನ್ನ ಕೈಯಲ್ಲೇ ತಿರುಗಿಸಿ ಸೂಜಿಯನ್ನ ಬಟ್ಟೆಗೆ ಇಳಿಸು. ಆಮೇಲೆ ಬಟ್ಟೆ ಒತ್ತುವ ಪಾದ ಇಳಿಸು. ಕೊನೆಗೆ ನಿನ್ನ ಪಾದ. ಈ ಕ್ರಮ ತಪ್ಪಬಾರದು, ಪ್ರಾರ್ಥನೆಗೆ ಕೂತಾಗ ಮಾತು ಒಂದರ ಹಿಂದೆ ಒಂದು ಬರುತ್ತಲ್ಲ, ಹಾಗೆ.

ಎಳೀಬೇಡ, ಎಳೀಬೇಡ! ಬಟ್ಟೆ ಎಳೆದ್ರೆ ಸೂಜಿ ಬಾಗುತ್ತೆ, ಗೆರೆ ಕೆಡುತ್ತೆ. ಕೆಳಗೆ ಸಣ್ಣ ಹಲ್ಲುಗಳಿವೆ, ಕರ್ಕೊಂಡು ಹೋಗೋದು ಅವುಗಳ ಕೆಲಸ. ನಿನ್ನ ಕೈ ಸುಮ್ಮನೆ ಜೊತೆಗಿರಬೇಕು, ಮಗು ನಡೆಯೋಕೆ ಕಲಿಯುವಾಗ ಕಿರುಬೆರಳು ಕೊಡ್ತೀವಲ್ಲ, ಅಷ್ಟೇ. ಕಣ್ಣು? ಕಣ್ಣು ಎಲ್ಲಿರಬೇಕು? ಸೂಜಿ ಮೇಲಲ್ಲ! ಸಾವಿರ ಸಲ ಹೇಳಿದೀನಿ. ಸೂಜಿ ನೋಡಬೇಡ, ಪಟ್ಟಿ ನೋಡು. ಸೂಜಿಯ ಬಲಗಡೆ ನಾನು ಅಂಟಿಸಿದೀನಲ್ಲ ಆ ಬಿಳಿ ಅಂಟುಪಟ್ಟಿ, ಬಟ್ಟೆಯ ಅಂಚು ಅದನ್ನ ಮುಟ್ಟಿಕೊಂಡೇ ಸಾಗಬೇಕು. ಅಂಚು ಪಟ್ಟಿ ಬಿಡಬಾರದು, ಕಣ್ಣು ಅಂಚು ಬಿಡಬಾರದು. ಎದುರುಗಡೆ ಬಡಗಿ ತನ್ನ ಆಳಿಗೆ ಹೇಳ್ತಿರ್ತಾನೆ, ಕೇಳಿಲ್ವಾ? 'ಗರಗಸ ನೋಡಿದೋನು ಬೆರಳು ಕೊಯ್ಕೋತಾನೆ, ಗೆರೆ ನೋಡಿದೋನು ಮರ ಕೊಯ್ತಾನೆ' ಅಂತ.

ಪಟ್ಟಿ ಮುಟ್ಟಬೇಡ!

...ಅಲ್ಲ, ಬೈದಿದ್ದಲ್ಲ. ಯಾಕೆ ಹಾಗೆ ನೋಡ್ತೀಯ? ಅದು ನನ್ನ ಅಳತೆ, ಅಲುಗಿದ್ರೆ ಮತ್ತೆ ಅಳೀಬೇಕು ಅಂತ ಹೇಳಿದೆ. ಅಷ್ಟೇ. ತುಳಿ ನೀನು.

ಹಾಂ... ಹಾಂ... ಕಾಲಿನ ತಾಳ ಚೆನ್ನಾಗಿದೆ. ಇದ್ದದ್ದನ್ನ ಇದ್ದ ಹಾಗೆ ಹೇಳ್ಬೇಕು, ಕಾಲು ಪಳಗಿದೆ ನಿನಗೆ. ಬಂದ ಹೊಸದರಲ್ಲಿ ಓಡೋ ಕುದುರೆ ಥರ ತುಳೀತಿದ್ದೆ, ದಾರ ಪಟಪಟ ಕಡೀತಿತ್ತು. ಈಗ ನೋಡು, ಸಮಾಧಾನವಾಗಿ... ಬಂತಾ ಕೊನೆ? ಡೊಂಕು. ಮತ್ತೆ ಡೊಂಕು. ಕೊಡು ಇಲ್ಲಿ.

ಏನು? ನೋಡದೇ ಹೇಳಿದೆನಾ? ಸದ್ದಲ್ಲೇ ಗೊತ್ತಾಗುತ್ತೆ ಕಣಮ್ಮಾ! ಮೂವತ್ತು ವರ್ಷ ಈ ಮಿಷನ್ ಪಕ್ಕ ಕೂತವಳು ನಾನು. ನಿನ್ನ ಮಾವ ತೀರಿಹೋದಾಗ ನಿನ್ನ ಗಂಡನಿಗೆ ಆರು ವರ್ಷ. ಅವನು ತಿಂದ ಪ್ರತಿ ತುತ್ತೂ ಈ ಸೂಜಿಯ ಕೆಳಗಿಂದ ಬಂದದ್ದು. ನನಗೆ ಸದ್ದು ಸಾಲದಾ? ಕೊಡು, ಕಿಟಕಿ ಹತ್ತಿರ ಹಿಡಿದು ನೋಡ್ತೀನಿ. ಇವತ್ತು ಬೆಳಕೇ ಮಂಕು, ಮೋಡ ಏನೋ... ಬಿಸಿಲಿದೆಯಾ? ಇರಲಿ. ಬಿಸಿಲಿದ್ರೂ ಒಂದೊಂದು ದಿನ ಬೆಳಕು ಸರಿ ಇರಲ್ಲ. ಹೂಂ, ಇಲ್ಲಿ ನೋಡು, ಇಲ್ಲಿಂದ ವಾಲೋಕೆ ಶುರು... ಏನು ನೋಡ್ತಾ ಇದೀಯ, ನನ್ನ ಮುಖದಲ್ಲಿ ಏನಿದೆ? ಬಟ್ಟೆ ನೋಡು.

ನನ್ನ ದೊಡ್ಡಮ್ಮ ಆಗಿದ್ರೆ ನಿನಗೆ ಬಟ್ಟೆಯೇ ಕೊಡ್ತಿರಲಿಲ್ಲ. ಹೊಲಿಗೆ ಕಲಿಸಿದವಳು ಅವಳೇ ನನಗೆ. ಬರವಣಿಗೆ ಪುಸ್ತಕದ ಹಾಳೆ ಹರಿದು ಕೈಗೆ ಕೊಡೋಳು. ಸೂಜಿಗೆ ದಾರ ಇಲ್ಲ. ಬರೀ ಸೂಜಿ. ಗೆರೆ ಮೇಲೆ ತೂತು ಹೊಡ್ಕೊಂಡು ಹೋಗ್ಬೇಕು. ಆಮೇಲೆ ಹಾಳೆಯನ್ನ ಬೆಳಕಿಗೆ ಹಿಡಿದು ಒಂದೊಂದೇ ತೂತು ನೋಡೋಳು. ಒಂದು ತಪ್ಪಿದ್ರೂ ಹೊಸ ಹಾಳೆ. 'ಬಟ್ಟೆಯಾದ್ರೆ ಬಿಚ್ಚಿ ಮತ್ತೆ ಹೊಲೀಬಹುದು ಕಣೇ, ಕಾಗದದ ಮೇಲೆ ಬಿದ್ದ ತೂತು ಬಿದ್ದಿದ್ದೇ' ಅನ್ನೋಳು. ಹನ್ನೊಂದು ವರ್ಷದವಳಿಗೆ ಅದೇನು ಅರ್ಥ ಆಗಬೇಕು. ಬೈತಾಳೆ ಅಂತ ಮಾತ್ರ ಅರ್ಥ ಆಗ್ತಿತ್ತು.

ಆದರೆ ಒಂದು ಹೇಳ್ತೀನಿ, ಅವಳು ಎಂದೂ... ಬೇಡ. ಏನೋ ಹೇಳೋಕೆ ಹೋಗ್ತಿದ್ದೆ, ಮರೆತೇ ಹೋಯ್ತು. ವಯಸ್ಸು.

ಮೂರನೇ ತುಂಡು ತಗೋ. ಬೈದೆ ಅಂತ ಬೇಜಾರಾ? ಬೈಯದೇ ಕಲಿಸಿದ್ರೆ ಕೈಗೆ ಇಳಿಯಲ್ಲಮ್ಮ. ಬೇಜಾರಾಗ್ಬೇಕಾದವಳು ನಾನು. ಸೋಮವಾರ ನನಗೆ ಒಂದು ಮಾತು ಹೇಳದೇ ಪರದೆ ಅಂಗಡಿಗೆ ನೀನೇ ಹೋಗಿ, 'ಇನ್ನೊಂದು ಸಲ ನನ್ನ ಹೊಲಿಗೆ ನೋಡಿ' ಅಂತ ಕೇಳ್ಕೊಂಡು ಬಂದೆ. ಬಂದು ಚಪ್ಪಲಿ ಬಿಡ್ತಾ ಬಿಡ್ತಾ ಹೇಳಿದೆ, 'ಅತ್ತೆ, ಗುರುವಾರ ನಾಲ್ಕು ಗಂಟೆಗೆ ಬರ್ತಾರಂತೆ' ಅಂತ. ಹೇಳಿದ್ರೆ ನಾನು ಬೇಡ ಅಂತಿದ್ನಾ? ಅಂತಿದ್ನಾ ಹೇಳು!

...ಗೊತ್ತು. ನಿನಗೆ ಆಸೆ. ಮದುವೆಯಾಗಿ ಬಂದ ಮೊದಲ ವಾರವೇ ಪಾತ್ರೆ ಉಜ್ಜುತ್ತಾ ಹೇಳಿದ್ದೆ, 'ಅತ್ತೆ, ನನ್ನ ಕೈಗೂ ನನ್ನದು ಅಂತ ಒಂದು ಕೆಲಸ ಬೇಕು' ಅಂತ. ತವರಲ್ಲಿ ಎಲ್ಲರೂ ನಿನ್ನನ್ನ ಒಡಕುಕೈ ಅಂತ ಕರೀತಿದ್ರಂತೆ, ಮುಟ್ಟಿದ್ದೆಲ್ಲ ಒಡೀತೀಯ ಅಂತ. ನನಗೆ ಆಗ ಅಯ್ಯೋ ಅನ್ನಿಸಿತ್ತು. ನಿಜವಾಗಲೂ ಅನ್ನಿಸಿತ್ತು. ಆವತ್ತೇ ಸ್ಟೂಲು ಎಳೆದು ಕೂರಿಸಿದೆ ನಿನ್ನನ್ನ. ಅಲ್ವಾ? ಕೂರಿಸಿದವಳು ನಾನೇ ತಾನೇ? ಅದನ್ನ ಮರೀಬೇಡ.

ಏನು ಕೈಯಲ್ಲಿ? ಸ್ಕೇಲು ಯಾಕೆ? ಇಡು ಅದನ್ನ. ಹೊಲಿಗೆ ಏನು ಗಣಿತದ ಪರೀಕ್ಷೆಯಾ? ಇಡು ಅಂದೆ.

ಮತ್ತೆ ಪಟ್ಟಿಯ ಮಾತು ಎತ್ತಬೇಡ. ಎರಡು ವಾರದ ಹಿಂದೆ ಎತ್ತಿದ್ದೆ, 'ಅತ್ತೆ, ಪಟ್ಟಿಯೇ ಓರೆ ಇದೆಯೇನೋ' ಅಂತ. ನಾನು ಏನಂದೆ? ಕುಣಿಲಾರದವಳು ನೆಲ ಡೊಂಕು ಅಂದಳಂತೆ ಅಂದೆ. ನಿನ್ನ ಗಂಡನೂ ಊಟಕ್ಕೆ ಕೂತಿದ್ದ, ಅವನೂ ನಕ್ಕ. ನಿನ್ನ ತುಂಡು ಎತ್ತಿ ಹಿಡಿದು 'ಇದು ಹೊಲಿಗೆಯಾ, ನದಿಯ ನಕಾಶೆಯಾ' ಅಂತ ಕೇಳಿದ. ತಮಾಷೆಗೆ ಕೇಳಿದ, ಅವನಿಗೇನು ಗೊತ್ತು. ನೀನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟೆ. ಎಷ್ಟು ಹೊತ್ತು ನೀರು ಸುರೀತಿತ್ತು... ಕೊಡ ತುಂಬಿ ಚೆಲ್ಲೋ ಸದ್ದು ಅಡುಗೆಮನೆ ತನಕ ಬಂತು. ನನಗೆ ಕೇಳಲಿಲ್ಲ ಅಂದ್ಕೊಂಡೆಯಾ? ಕೇಳಿಸಿತು ಮಗಳೇ. ಕಿವಿ ಚೆನ್ನಾಗಿದೆ ನನಗೆ.

ಏನು? ನಾನು ಹೊಲಿದು ತೋರಿಸಬೇಕಾ? ಈಗಲಾ?

ತೋರಿಸ್ತೀನಿ, ಅದಕ್ಕೇನು. ಆದರೆ ಈಗ ನಿನ್ನ ಕೈ ಬಿಸಿ ಇದೆ, ಎದ್ದರೆ ಆರುತ್ತೆ. ಕನ್ನಡಕ ಬೇರೆ ಎಲ್ಲಿಟ್ಟೆನೋ... ಹಣೆ ಮೇಲಾ? ಓ. ಗಾಜು ಕೊಳೆಯಾಗಿದೆ, ತೊಳೀಬೇಕು. ಆಮೇಲೆ ಇನ್ನೊಂದು, ನೀನು ಬಿಳಿ ಬಟ್ಟೆಗೆ ಬಿಳಿ ದಾರ ಹಾಕ್ಕೊಂಡು ಕೂತಿದೀಯ, ಅದರ ಮೇಲೆ ಯಾರಿಗೆ ಏನು ಕಾಣುತ್ತೆ? ಕಲಿಯೋರು ಯಾವಾಗಲೂ ಬೇರೆ ಬಣ್ಣದ...

ಕೆಂಪಾ?

ಕೆಂಪು ದಾರ... ಹೂಂ. ಗೊತ್ತು. ಕೆಂಪೇ. ನಾನು ಕೆಂಪು ಅಂತಲೇ ಹೇಳೋಕೆ ಹೊರಟಿದ್ದೆ, ಬಾಯಿ ತಪ್ಪಿತು. ನಾಲಿಗೆಗೆ ಎಲುಬಿಲ್ಲ ನೋಡು.

ಮಾತಾಡೇ. ಹಾಗೆ ಕೈ ಮಡಿಚ್ಕೊಂಡು ಕೂರಬೇಡ. ನಿನ್ನ ಮೌನ ನನಗೆ ಆಗಲ್ಲ. ಹೋದ ವಾರ ನಾನು ಹೊಲಿದ ಎರಡು ಪರದೆ ಅಂಗಡಿಯಿಂದ ವಾಪಸ್ಸು ಬಂದಾಗಲೂ ಹೀಗೇ ಕೂತಿದ್ದೆ. ನೀಲಿ ಪರದೆಗೆ ಹಸಿರು ದಾರ ಹಾಕಿ ಹೊಲಿದಿದೀರಿ ಅಂತ ಆ ಅಂಗಡಿಯಮ್ಮ ಹೇಳಿ ಕಳಿಸಿದಳು. ನಾನು ನಿನ್ನ ಕಡೆ ತಿರುಗಿ 'ದಾರದ ಉಂಡೆ ಎತ್ತಿ ಕೊಟ್ಟವಳು ನೀನೇ' ಅಂದೆ. ನೀನು ಕೊಟ್ಟಿರಲಿಲ್ಲ. ಡಬ್ಬಿಗೆ ಕೈ ಹಾಕಿ ತೆಗೆದವಳು ನಾನು. ನೀನು 'ಇಲ್ಲ ಅತ್ತೆ' ಅನ್ನಲಿಲ್ಲ. ಬ್ಲೇಡು ತಗೊಂಡು, ಆ ಎರಡು ಪರದೆಯ ಹೊಲಿಗೆ ಪೂರ್ತಿ ಬಿಚ್ಚಿ ಕೊಟ್ಟೆ. ಒಂದು ಮಾತು ಆಡಿದ್ರೆ ನಾನೂ ಎರಡು ಮಾತು ಆಡಿ ಹಗುರ ಆಗ್ತಿದ್ದೆ. ನೀನು ಆಡಲಿಲ್ಲ.

ಏನು... ಯಾಕೆ ನನ್ನ ಕೈ ಹಿಡೀತೀಯ? ಬಿಡು. ಹೆಬ್ಬೆರಳು ಯಾಕೆ... ಇದೇನು, ತುಂಡಾ? ಈಗ ತಾನೇ ಹೊಲಿದದ್ದಾ?

ಇರು.

ಇಲ್ಲಿ ಅಂಚು. ಇಲ್ಲಿ ಹೊಲಿಗೆ. ನಡುವೆ ಒಂದು ಹೆಬ್ಬೆರಳಗಲ... ಇಲ್ಲೂ ಅಷ್ಟೇ. ಇಲ್ಲೂ... ಇದು ಗೇಣು ದಾಟಿತು... ಇಲ್ಲೂ ಅಷ್ಟೇ. ಕೊನೆ ತನಕ...

ಇದು ನೆಟ್ಟಗಿದೆಯಲ್ಲ.

ಮೊದಲಿನ ತುಂಡು ಕೊಡು. ಹಾವು ಹರಿದ ಹಾಗಿದೆ ಅಂದೆನಲ್ಲ, ಅದು. ಕೊಡು... ಅಂಚು... ಹೊಲಿಗೆ... ಇದೂ. ಇದೂ ಗೆರೆ ಎಳೆದ ಹಾಗಿದೆ. ಹಾಗಾದ್ರೆ ಈ ಮಧ್ಯಾಹ್ನದಿಂದ ನಾನು... ನೀನು ನೆಟ್ಟಗೆ ಹೊಲೀತಾನೇ ಇದ್ದೆ. ನಾನು ಡೊಂಕು ಡೊಂಕು ಅಂತ...

ಅದಕ್ಕೇ ನಕ್ಕೆಯಾ?

ಸರಿ ಜರುಗು. ಮಿಷನ್ ಮುಟ್ಟಿ ನೋಡ್ತೀನಿ. ಪಟ್ಟಿ ಎಲ್ಲಿ... ಹಾಂ. ತೆಗೆದು ಮತ್ತೆ ಅಂಟಿಸಿದೀಯ. ಮೂಲೆ ಹೊಸದಾಗಿದೆ. ಮುಂದೆ ಎಷ್ಟೋ ಹಿಂದೆಯೂ ಅಷ್ಟೇ. ಯಾವಾಗ ಮಾಡಿದೆ? ಬೆಳಿಗ್ಗೆ ನಾನು ಪ್ರಾರ್ಥನೆಗೆ ಕೂತಾಗಲಾ? ಸ್ಕೇಲು ಅದಕ್ಕಾ?

ಆಯ್ತು. ಆಯ್ತಮ್ಮ. ಗೊತ್ತಾಗಿಹೋಯ್ತಲ್ಲ, ಇನ್ನೇನು ಮುಚ್ಚಿಡೋದು. ನನಗೆ ಕಾಣಲ್ಲ. ಎರಡು ವರ್ಷದಿಂದ ಹೀಗೆ. ಹಾಲಿನ ಲೋಟದ ಒಳಗೆ ಕೂತು ಹೊರಗೆ ನೋಡಿದ ಹಾಗಿರುತ್ತೆ. ನಿನ್ನ ಮುಖ ಇದೆ ಅಂತ ಕಾಣುತ್ತೆ, ಮುಖದಲ್ಲಿ ಏನಿದೆ ಅಂತ ಕಾಣಲ್ಲ. ಡಾಕ್ಟರ ಹತ್ತಿರ ಹೋದ್ರೆ ಮನೆಗೆಲ್ಲ ಗೊತ್ತಾಗುತ್ತೆ ಅಂತ ಹೋಗಲಿಲ್ಲ. ನಾನು ಹೊಲಿಯೋದು ಬೆರಳಿಂದ. ಉಗುರನ್ನ ಅಂಚಿಗೆ ಒತ್ತಿ, ಮಡಿಕೆ ಸವರಿಕೊಂಡು ಹೋಗ್ತೀನಿ. ಪಟ್ಟಿ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ ನನಗೆ. ಅದನ್ನ ಇಟ್ಟಿದ್ದು ನಿನಗೋಸ್ಕರ. ಹಳೇ ಪಟ್ಟಿ ಕಿತ್ತು ಬಂದಾಗ ನಾನೇ ಹೊಸದು ಅಂಟಿಸಿದೆ. ನಿನ್ನನ್ನ ಕರೆದಿದ್ರೆ ನಿನಗೆ ಗೊತ್ತಾಗ್ತಿತ್ತಲ್ಲ, ಅದಕ್ಕೆ ಕರೀಲಿಲ್ಲ. ಕುರುಡು ಅಂದಾಜಿನಲ್ಲಿ ಅಂಟಿಸಿದೆ, ಓರೆ ಆಯ್ತು. ಕಾಣದೇ ಆದ ತಪ್ಪಮ್ಮ ಅದು. ಬೇಕು ಅಂತ ಮಾಡಿದ್ದಲ್ಲ. ಕಾಣದವಳ ಮೇಲೆ ಸಿಟ್ಟು ಮಾಡ್ತೀಯಾ?

...

ಮಾಡ್ತೀಯಾ? ಹೇಳು.

ಹೇಳಲ್ಲ. ನನ್ನ ಕೈ ಮಾತ್ರ ಬಿಡಲ್ಲ ನೀನು.

ಇನ್ನೇನು ಬೇಕು ನಿನಗೆ? ಕಣ್ಣು ಹೋಯ್ತು ಅಂತ ಒಪ್ಪಿಕೊಂಡೆನಲ್ಲ. ಈ ಮಾತನ್ನ ನನ್ನ ಹೊಟ್ಟೇಲಿ ಹುಟ್ಟಿದ ಮಗನಿಗೂ ಹೇಳಿರಲಿಲ್ಲ. ಇನ್ನೇನು ಉಳಿದಿದೆ?

...

ನೋಡದೇ ಹೇಳಿದೆ ಅಂದೆ ನೀನು ಆಗಲೇ. 'ನೋಡದೇ ಹೇಳಿದ್ರಿ' ಅಂತ. ಹೂಂ. ಕಾಣದವಳು ಡೊಂಕು ಅಂತ ಹೇಗೆ ಹೇಳ್ತಾಳೆ? ಪಟ್ಟಿ ಓರೆ ಇದೆ ಅಂತ ಗೊತ್ತಿದ್ದವಳು ಹೇಳ್ತಾಳೆ. ಅಂಚು ಪಟ್ಟಿ ಬಿಡದೇ ಹೊಲೀತಾಳೆ ಈ ಹುಡುಗಿ, ಹಾಗಾಗಿ ಗೇಣು ದಾಟಿದ ಮೇಲೆ ವಾಲಲೇಬೇಕು, ಅಂತ ಲೆಕ್ಕ ಗೊತ್ತಿದ್ದವಳು ಹೇಳ್ತಾಳೆ. ಅದನ್ನ ತಾನೇ ನೀನು ಕೂತು ಕಾಯ್ತಾ ಇರೋದು? ನನಗೆ ಯಾವಾಗ ಗೊತ್ತಾಯ್ತು ಅಂತ?

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನೀನು ಕಳ್ಳಿ ಅಂತ ಅನ್ನಲೂ ಇಲ್ಲ.

ಆ ದಿನವೇ ಗೊತ್ತಾಯ್ತು. ಅಂಗಡಿಯಮ್ಮ ಮೊದಲ ಸಲ ಬಂದ ದಿನ. ಅವಳು ಬರೋಕೆ ಮುಂಚೆ. ನೀನು ಒಳಗೆ ತಲೆ ಬಾಚ್ಕೊಳ್ತಿದ್ದೆ. ನಾನು ಎಣ್ಣೆ ಬಟ್ಟೆ ತಗೊಂಡು ಮಿಷನ್ ಒರೆಸ್ತಿದ್ದೆ. ಹೆಬ್ಬೆರಳು ಪಟ್ಟಿಯ ಮೇಲೆ ಹೋಯ್ತು. ಈ ತುದಿಯಿಂದ ಆ ತುದಿಗೆ ಎಳೆದೆ... ಓರೆ. ಅಕ್ಕಿ ಕಾಳಿನ ಉದ್ದ ಓರೆ. ಹೆಚ್ಚೇನಿಲ್ಲ. ಆದರೆ ನೇರ ಗೆರೆಗೆ ಅಷ್ಟು ಸಾಕು. ಹೊತ್ತಿತ್ತು, ಕಿತ್ತು ಅಂಟಿಸೋಷ್ಟು ಹೊತ್ತಿತ್ತು. 'ಅಮ್ಮಾ, ಬಾ ಇಲ್ಲಿ, ಈ ಪಟ್ಟಿ ಒಂದು ಸರಿಮಾಡು' ಅಂತ ನಾನು ಕರೆದಿದ್ರೆ, ಬಾಚಣಿಗೆ ತಲೇಲೇ ಸಿಕ್ಕಿಸ್ಕೊಂಡು ಓಡಿ ಬರ್ತಿದ್ದೆ ನೀನು.

ಕರೀಲಿಲ್ಲ.

ಕೈ ಅಲ್ಲೇ ನಿಂತ್ಕೊಂಡ್ತು. ಮನಸ್ಸು ಹೇಳಿತು, ಇರಲಿ ಬಿಡು ಅಂತ. ಇವಳ ಗೆರೆ ನೆಟ್ಟಗೆ ಬಂದ್ರೆ ನಾಳೆಯಿಂದ ಈ ಸ್ಟೂಲು ಇವಳದು. ಬೀದಿಯವರು ಬಟ್ಟೆ ತಗೊಂಡು ಬಂದು ಬಾಗಿಲಲ್ಲಿ ನಿಂತು ಇವಳನ್ನ ಕರೀತಾರೆ. ಆಮೇಲೆ ನಾನು ಯಾರು? ಕಣ್ಣು ಕಾಣದ ಮುದುಕಿ. ಮೂಲೇಲಿ ಒರಗಿಸಿಟ್ಟ ಹಳೇ ಕೊಡೆ. ಹೊತ್ತಿಗೆ ಸರಿಯಾಗಿ ತಟ್ಟೆ ಮುಂದೆ ಬರುತ್ತೆ, ತಿನ್ನೋದು, ಸುಮ್ಮನಿರೋದು... ಮೂವತ್ತು ವರ್ಷ ಮನೆ ಹೊತ್ತವಳಿಗೆ ಅದು ಹೇಗಿರುತ್ತೆ ಅಂತ ನಿನಗೆ... ಬೇಡ. ನಿನಗೆ ಗೊತ್ತು. ಒಡಕುಕೈ ಅನ್ನಿಸ್ಕೊಂಡು ಬೆಳೆದವಳು ನೀನು.

ಭಗವಂತನಿಗೆ ಕೈ ಮುಗಿಯದೇ ನಾನು ಮಿಷನ್ ಮುಟ್ಟಿದವಳಲ್ಲ. ಆವತ್ತೂ ಮುಗಿದೆ. 'ಎಲ್ಲ ಒಳ್ಳೇದು ಮಾಡಪ್ಪಾ' ಅಂದೆ. ಯಾರಿಗೆ ಒಳ್ಳೇದು ಅಂತ ಹೇಳಲಿಲ್ಲ. ಆಮೇಲೆ ನಿನ್ನನ್ನ ಕೂರಿಸಿ, ಬೆನ್ನ ಮೇಲೆ ಕೈ ಇಟ್ಟು, 'ಸೂಜಿ ನೋಡಬೇಡ, ಪಟ್ಟಿ ನೋಡು' ಅಂದೆ. ಎರಡು ಸಲ ಅಂದೆ. ನೀನು ಹೇಳಿದ ಹಾಗೆ ಕೇಳೋಳು. ಬೇರೆ ಯಾವ ಹುಡುಗಿಯಾಗಿದ್ರೂ ಕಣ್ಣು ಅತ್ತಿತ್ತ ಹಾಯಿಸಿ, ಅಂದಾಜಿನಲ್ಲಿ ಹೊಲಿದು, ಅರ್ಧಂಬರ್ಧ ನೆಟ್ಟಗೆ ತಂದುಬಿಡ್ತಿದ್ದಳು. ನೀನು ಪಟ್ಟಿ ಬಿಡಲಿಲ್ಲ. ನೀನು ನಂಬಿ ಹೊಲಿದದ್ದಕ್ಕೇ ಅದು ಡೊಂಕಾಯ್ತು. ಅಂಗಡಿಯಮ್ಮ ನಲವತ್ತು ಜನದ ಮುಂದೆ ಹೇಳೋ ಹಾಗೆ ಹೇಳಿ, ಪರದೆ ಬಟ್ಟೆಯ ಗಂಟನ್ನ ನನ್ನ ತೊಡೆ ಮೇಲಿಟ್ಟು 'ನಿಮ್ಮ ಕೈಯೇ ಕೈ ಬಿಡಿ' ಅಂದು ಹೋದಳು. ನಾನು ತಗೊಂಡೆ. ಎರಡೂ ಕೈ ಚಾಚಿ ತಗೊಂಡೆ.

ಆವತ್ತಿಂದ ಪ್ರಾರ್ಥನೆ ಮುಗಿಸೋಕೆ ಆಗಿಲ್ಲ ನನಗೆ. ಅರ್ಧಕ್ಕೆ ಬಂದು ನಿಲ್ಲುತ್ತೆ. ಮುಂದಿನ ಮಾತು ಬಾಯಿಗೆ ಬರಲ್ಲ. ಕಣ್ಮುಚ್ಚಿದ್ರೆ ಆ ಪಟ್ಟಿ ಮಾತ್ರ ಚೆನ್ನಾಗಿ ಕಾಣುತ್ತೆ. ದಿನಾ ರಾತ್ರಿ ಅಂದ್ಕೊಳ್ತೀನಿ, ನಾಳೆ ಸರಿ ಮಾಡ್ತೀನಿ ಅಂತ. ಮೂರು ದಿನದಿಂದ, ನೀನು ಗುರುವಾರ ಅಂದಾಗಿನಿಂದ, ಪ್ರತಿ ಬೆಳಿಗ್ಗೆ ಅಂದ್ಕೊಂಡೆ. ಮಾಡಲಿಲ್ಲ. ನೀನು ಸರಿ ಮಾಡದೇ ಇದ್ದಿದ್ರೆ ಇವತ್ತೂ ಅದೇ ಓರೆ ಪಟ್ಟಿಯ ಮುಂದೆ ನಿನ್ನನ್ನ ಕೂರಿಸಿರ್ತಿದ್ದೆ. ದೊಡ್ಡಮ್ಮನ ಬಗ್ಗೆ ಏನೋ ಹೇಳೋಕೆ ಹೋಗಿ ಬಿಟ್ಟೆನಲ್ಲ... ಮರೆತಿರಲಿಲ್ಲ ಅದು. ಅವಳು ಬೈದಳು, ಹೊಡೆದಳು. ಆದರೆ ಅವಳು ಕೊಟ್ಟ ಹಾಳೆಯ ಮೇಲೆ ಗೆರೆ ಎಂದೂ ಡೊಂಕಿರಲಿಲ್ಲ.

ನೆಲವೇ ಡೊಂಕಿತ್ತು ಮಗಳೇ. ಊಟದ ಹೊತ್ತಲ್ಲಿ, ನಿನ್ನ ಗಂಡನ ಮುಂದೆ, ನಾನು...

ಒಂದು ಮಾತಾಡು. ಬೈ. 'ಥೂ' ಅನ್ನು. ತವರಿಗೆ ಹೋಗ್ತೀನಿ ಅನ್ನು. ಹೀಗೆ ಕೈ ಹಿಡ್ಕೊಂಡು ಸುಮ್ಮನೆ ಕೂರಬೇಡ. ನಿನ್ನ ಮುಖ ಕಾಣಲ್ಲ ನನಗೆ. ಅಳ್ತಾ ಇದೀಯಾ, ಸಿಟ್ಟಲ್ಲಿದೀಯಾ, ಏನೂ...

...ಬಾಗಿಲು.

ಅವಳೇ. ಬಳೆ ಸದ್ದು. ನಾಲ್ಕು ಗಂಟೆ ಆಯ್ತೇನು?

ಏಳಬೇಡ. ನೀನು ಸ್ಟೂಲು ಬಿಟ್ಟು ಏಳಬೇಡ. ನಾನು ತೆಗೀತೀನಿ ಬಾಗಿಲು. ಬಾಗಿಲು ಕಾಣುತ್ತೆ, ಅಷ್ಟು ಕಾಣುತ್ತೆ. ಕತ್ತರಿ ನೆಲದ ಮೇಲಿದ್ರೆ ಎತ್ತಿಟ್ಕೋ. ಆ ತುಂಡುಗಳನ್ನ ತೆಗೀಬೇಡ, ಹಾಗೇ ಮಿಷನ್ ಮೇಲೆ ಹರಡು, ಅವಳು ಬಂದ ತಕ್ಷಣ ಕಣ್ಣಿಗೆ ಬೀಳಲಿ. ಬಂದೆ ತಾಯಿ, ಬಂದೆ!

ಮಗಳೇ, ಒಂದು ಕೆಲಸ ಮಾಡು. ಕೈ ಬಿಡು ನನ್ನದು... ಹಾಂ. ನೀನು ಈಗಲೇ ತುಳಿಯೋಕೆ ಶುರು ಮಾಡಿಬಿಡು. ಅವಳು ಒಳಗೆ ಕಾಲಿಡೋಷ್ಟರಲ್ಲಿ ಮಿಷನ್ ಸದ್ದು ಇರಲಿ. ಆ ಸದ್ದಿನಲ್ಲಿ ನಾನು ಹೇಳಬೇಕಾದ್ದನ್ನ ಹೇಳಿಬಿಡ್ತೀನಿ. ಸುಮ್ಮನಿರೋ ಕೋಣೇಲಿ ನನ್ನ ಕೈಲಿ ಆಗಲ್ಲ. ತುಳಿ ಅಮ್ಮಾ.

ತುಳಿ.

...

ತುಳಿಯಲ್ಲ.

ಸರಿ. ತಿಳೀತು. ನಾನು ಹೇಳಿದ ಮೇಲೆ ತುಳೀತೀಯ.

ಬಂದೆ, ಬಂದೆ, ಚಿಲಕ ತೆಗೀತಾ ಇದೀನಿ... ಬನ್ನಿ, ಒಳಗೆ ಬನ್ನಿ. ಹೂಂ, ತಯಾರಾಗಿ ಕೂತಿದಾಳೆ. ಇಲ್ಲ, ಇಲ್ಲೇ ಒಂದು ನಿಮಿಷ ನಿಲ್ಲಿ. ಅವಳ ಹೊಲಿಗೆ ನೋಡೋಕೆ ಮುಂಚೆ ಹೋದ ತಿಂಗಳಿನದು ಒಂದು ಮಾತು ಇದೆ. ಆವತ್ತು ನೀವು ನೋಡಿದ ಆ ಡೊಂಕು ಗೆರೆ ಇದೆಯಲ್ಲ... ಅದು ಅವಳದಲ್ಲ.